ಸತ್ತವರ ಪರವಾಗಿ ಕ್ಷಮಿಸುವ ಹಕ್ಕು

1996ರ ಏಪ್ರಿಲ್ 16ರಂದು ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಪಟ್ಟಣದ ಪುರಭವನದಲ್ಲಿ, ಸತ್ಯ ಮತ್ತು ಸಾಮರಸ್ಯ ಆಯೋಗದ ಮುಂದೆ, ನೊಮೊಂಡೆ ಕಲಾಟ ಸಾಕ್ಷಿ ಹೇಳುತ್ತಿದ್ದರು. ಹನ್ನೊಂದು ವರ್ಷಗಳ ಹಿಂದೆ, 1985ರ ಜೂನ್ 27ರ ರಾತ್ರಿ, ಆಕೆಯ ಗಂಡ ಫೋರ್ಟ್ ಕಲಾಟ ಮೂವರು ಸಂಗಾತಿಗಳೊಂದಿಗೆ ಕ್ರ್ಯಾಡಕ್ ಊರಿಗೆ ಮರಳುತ್ತಿದ್ದಾಗ ಭದ್ರತಾ ಪೊಲೀಸರು ಕಾರನ್ನು ಅಡ್ಡಗಟ್ಟಿ ನಾಲ್ವರನ್ನೂ ಕೊಂದು ಹೆಣಗಳನ್ನು ಸುಟ್ಟಿದ್ದರು. ಆಕೆ ಆಗ ಬಸುರಿ. ಸುಟ್ಟು ನಿಂತ ಕಾರಿನ ಸುದ್ದಿ ಆಕೆಗೆ ತಲುಪಿದ್ದು ಮನೆಗೆ ಬಂದ ಪತ್ರಿಕೆಯಿಂದ. ಅದನ್ನೆಲ್ಲ ಹೇಳುತ್ತ ಹೇಳುತ್ತ ಆಕೆ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಚೀರಿದರು. ಸಭಾಂಗಣ ಸ್ತಬ್ಧವಾಯಿತು. ಆಯೋಗದ ಅಧ್ಯಕ್ಷರಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಕಲಾಪ ನಿಲ್ಲಿಸಿದರು; ಎಲ್ಲರೂ ಮತ್ತೆ ಬಂದು ಕೂತಾಗ ತಾವೇ ಒಂದು ಹಳೆಯ ಹೋರಾಟದ ಹಾಡನ್ನು ಎತ್ತಿಕೊಂಡರು. ಆಯೋಗದ ಕೆಲಸ ನಿಜವಾಗಿ ಶುರುವಾದದ್ದು ಆ ಚೀರಾಟದಿಂದಲೇ ಎಂದು ಉಪಾಧ್ಯಕ್ಷ ಅಲೆಕ್ಸ್ ಬೊರೇನ್ ಆಮೇಲೆ ಬರೆದರು. ಇರಬಹುದು. ಆದರೆ ಆ ಕೂಗಿನಲ್ಲಿ ಕ್ಷಮೆಯ ಸುಳಿವು ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆ ಆಯೋಗವನ್ನು ಜಗತ್ತು ನೆನಪಿಟ್ಟುಕೊಂಡಿರುವುದು ಮಾತ್ರ ಕ್ಷಮೆಯ ಹೆಸರಿನಲ್ಲಿ.

ಇಪ್ಪತ್ತನೆಯ ಶತಮಾನದ ಕೊನೆಯ ಹತ್ತು ವರ್ಷಗಳ ರಾಜಕಾರಣ ನಮ್ಮ ಮುಂದಿಟ್ಟ ಧಾರ್ಮಿಕ ಪ್ರಶ್ನೆಗಳಲ್ಲಿ ಇದಕ್ಕಿಂತ ಕಠಿಣವಾದದ್ದು ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ: ಒಬ್ಬರಿಗಾದ ಅನ್ಯಾಯವನ್ನು ಇನ್ನೊಬ್ಬರು ಕ್ಷಮಿಸಬಹುದೆ? ಸರ್ಕಾರಕ್ಕೆ ಆ ಅಧಿಕಾರ ಉಂಟೆ? ಚರ್ಚಿಗೆ? ನನ್ನ ಉತ್ತರ, ಇಲ್ಲ. ಸರ್ಕಾರ ತನ್ನ ಕೈಯಲ್ಲಿರುವುದನ್ನು, ಅಂದರೆ ದಂಡಿಸುವ ಅಧಿಕಾರವನ್ನು, ಬಿಟ್ಟುಕೊಡಬಹುದು. ಅದಕ್ಕೆ ಒಳ್ಳೆಯ ಕಾರಣಗಳೂ ಇರಬಹುದು. ಕ್ಷಮೆ ಮಾತ್ರ ನೊಂದವರ ಸ್ವತ್ತು. ಅದನ್ನು ಬೇರೆಯವರು ಹಂಚಹೊರಟರೆ ಅತ್ತೆಯ ಧನವನ್ನು ಅಳಿಯ ದಾನ ಮಾಡಿದ ಹಾಗೆ. ಕೊಟ್ಟವನಿಗೆ ಪುಣ್ಯ, ಪಡೆದವನಿಗೆ ಲಾಭ, ಕಳೆದುಕೊಂಡವಳನ್ನು ಮಾತ್ರ ಕೇಳಿದವರಿಲ್ಲ. ದಕ್ಷಿಣ ಆಫ್ರಿಕಾದ ಪ್ರಯೋಗವನ್ನು ಹೊಗಳುವವರೂ ತೆಗಳುವವರೂ ಈ ಎರಡನ್ನು, ದಂಡನೆಯ ಮನ್ನಾ ಮತ್ತು ಕ್ಷಮೆ ಇವನ್ನು, ಒಂದೇ ಎಂದು ಭಾವಿಸಿಯೇ ಮಾತಾಡುತ್ತಾರೆ. ಸೋಜಿಗವೆಂದರೆ, ಆ ದೇಶದ ಶುಷ್ಕ ಕಾನೂನು ಇವೆರಡನ್ನೂ ಬಹುಮಟ್ಟಿಗೆ ಬೇರೆಯಾಗಿಯೇ ಇಟ್ಟಿತ್ತು. ಕಲಸಿದ್ದು ಧರ್ಮೋಪದೇಶ.

ಕಾನೂನನ್ನು ಮೊದಲು ನೋಡೋಣ. ಬಿಳಿಯರ ನ್ಯಾಷನಲ್ ಪಾರ್ಟಿ ಸರ್ಕಾರವೂ ನೆಲ್ಸನ್ ಮಂಡೇಲಾ ಅವರ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸೂ ಮಾತುಕತೆಗೆ ಕೂತಾಗ ಯಾರೂ ಯಾರನ್ನೂ ಸೋಲಿಸಿರಲಿಲ್ಲ. ನ್ಯೂರೆಂಬರ್ಗ್‌ನಲ್ಲಿ ಗೆದ್ದವರು ಸೋತವರನ್ನು ಕಟಕಟೆಗೆ ತಂದಿದ್ದರು. ಇಲ್ಲಿ ಸೇನೆ, ಪೊಲೀಸ್, ಕಡತಗಳು ಎಲ್ಲವೂ ಇನ್ನೂ ಹಳಬರ ಕೈಯಲ್ಲೇ ಇದ್ದವು. ಹಾಗಾಗಿ 1993ರ ಮಧ್ಯಂತರ ಸಂವಿಧಾನದ ತುದಿಗೆ, ಕೊನೆ ಗಳಿಗೆಯಲ್ಲಿ ಸೇರಿಸಿದ ಭಾಗದಲ್ಲಿ, ರಾಜಕೀಯ ಅಪರಾಧಗಳಿಗೆ ಮನ್ನಾ ಸಿಗುತ್ತದೆ ಎಂಬ ಭರವಸೆ ಬಂತು. ಅದನ್ನು ಜಾರಿಗೊಳಿಸಲು 1995ರಲ್ಲಿ ನ್ಯಾಯಮಂತ್ರಿ ದುಲ್ಲಾ ಒಮರ್ ತಂದ ಕಾಯಿದೆಯೇ ಸತ್ಯ ಮತ್ತು ಸಾಮರಸ್ಯ ಆಯೋಗವನ್ನು ಹುಟ್ಟಿಸಿತು. ಚಿಲಿಯ ಪಿನೋಶೆ 1978ರಲ್ಲಿ ಒಂದೇ ಸುಗ್ರೀವಾಜ್ಞೆಯಿಂದ ತನ್ನವರಿಗೆಲ್ಲ ಸಾರಾಸಗಟು ಮನ್ನಾ ಕೊಟ್ಟುಕೊಂಡಿದ್ದ, ಇಲ್ಲಿ ಹಾಗಲ್ಲ. 1960ರ ಮಾರ್ಚ್ 1ರಿಂದ 1994ರ ಮೇ 10ರ ನಡುವೆ ನಡೆದ ಕೃತ್ಯವಾಗಿರಬೇಕು, ಉದ್ದೇಶ ರಾಜಕೀಯದ್ದಾಗಿರಬೇಕು, ಒಬ್ಬೊಬ್ಬರೂ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಿ ಮಾಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. 7,000ಕ್ಕೂ ಹೆಚ್ಚು ಅರ್ಜಿಗಳು ಬಂದವು. 5,000ಕ್ಕೂ ಹೆಚ್ಚು ತಿರಸ್ಕೃತವಾದವು. ಅವುಗಳಲ್ಲಿ ಬಹುಪಾಲು ರಾಜಕೀಯದ ಗಂಧಗಾಳಿಯಿಲ್ಲದ ಮಾಮೂಲಿ ಕೈದಿಗಳದ್ದು ಅನ್ನುವುದು ಬೇರೆ ಮಾತು. ಈ ಕಾಯಿದೆ ಅರ್ಜಿದಾರನಿಂದ ಪಶ್ಚಾತ್ತಾಪವನ್ನು ಬೇಡಲಿಲ್ಲ. ತಪ್ಪಾಯಿತು ಅನ್ನಬೇಕಿಲ್ಲ, ಕಣ್ಣೀರು ಹಾಕಬೇಕಿಲ್ಲ. ಅನೇಕರು ಇದನ್ನೇ ಕಾಯಿದೆಯ ದೊಡ್ಡ ಲೋಪ ಎಂದರು. ನನಗೆ ಇದು ಅದರ ಅತ್ಯಂತ ಪ್ರಾಮಾಣಿಕ ಭಾಗವಾಗಿ ಕಾಣುತ್ತದೆ. ಪಶ್ಚಾತ್ತಾಪವನ್ನು ಷರತ್ತಾಗಿಸಿದ್ದರೆ ವಕೀಲರು ಅದನ್ನು ಉರುಹೊಡೆಸಿ ಕಳಿಸುತ್ತಿದ್ದರು. ಯಾರ ಅಳು ನಿಜ ಎಂದು ತೂಗುವ ತಕ್ಕಡಿ ಯಾವ ನ್ಯಾಯಾಧೀಶನ ಬಳಿಯೂ ಇಲ್ಲ. ಕಾಯಿದೆ ಕೇಳಿದ್ದು ಸತ್ಯವನ್ನು, ಕೊಟ್ಟದ್ದು ಜೈಲಿನಿಂದ ಬಿಡುಗಡೆಯನ್ನು. ಅದೊಂದು ವ್ಯವಹಾರ. ವ್ಯವಹಾರವನ್ನು ವ್ಯವಹಾರವೆಂದೇ ಕರೆದಷ್ಟು ಹೊತ್ತು ಯಾರಿಗೂ ಮೋಸವಿಲ್ಲ.

ಆದರೆ ಆ ವ್ಯವಹಾರ ನಡೆದ ಸಭೆಗಳು ಕೋರ್ಟಿನಂತೆ ಕಾಣುತ್ತಿರಲಿಲ್ಲ. ಟುಟು ನೇರಳೆ ನಿಲುವಂಗಿ ತೊಟ್ಟು, ಎದೆಯ ಮೇಲೆ ಶಿಲುಬೆ ಧರಿಸಿ ಬರುತ್ತಿದ್ದರು. ಮೊಂಬತ್ತಿ ಹಚ್ಚುತ್ತಿದ್ದರು, ಪ್ರಾರ್ಥನೆಯಿಂದ ಕಲಾಪ ಶುರುಮಾಡುತ್ತಿದ್ದರು. ಸರ್ಕಾರಿ ಆಯೋಗದಲ್ಲಿ ಪ್ರಾರ್ಥನೆ ಏಕೆ, ಕ್ಷಣಹೊತ್ತು ಮೌನ ಸಾಕಲ್ಲ ಎಂದು ಒಳಗಿನವರೇ ಕೆಲವರು ಹೇಳಿ ನೋಡಿದರು. ಟುಟು ಅವರಿಗೆ ಅದು ಒಗ್ಗಲಿಲ್ಲ. ಅವರ 1999ರ ಪುಸ್ತಕದ ಶೀರ್ಷಿಕೆಯೇ ಕ್ಷಮೆಯಿಲ್ಲದೆ ಭವಿಷ್ಯವಿಲ್ಲ ಎಂದು ಸಾರುತ್ತದೆ. ಟುಟು ಅವರ ಸಜ್ಜನಿಕೆಯನ್ನಾಗಲಿ ಧೈರ್ಯವನ್ನಾಗಲಿ ನಾನು ಪ್ರಶ್ನಿಸುತ್ತಿಲ್ಲ. ಬಿಳಿಯರ ಪೊಲೀಸರಿಗೂ ಕರಿಯರ ಉದ್ರಿಕ್ತ ಗುಂಪುಗಳಿಗೂ ಎದುರು ನಿಂತ ಮನುಷ್ಯ ಅವರು. ಯಾರನ್ನೂ ಬಲವಂತವಾಗಿ ಕ್ಷಮಿಸುವಂತೆ ಮಾಡಲಾಗದು ಎಂಬುದು ಅವರಿಗೂ ಗೊತ್ತಿತ್ತು. ಆದರೂ ದೇಶದ ಅತ್ಯಂತ ಗೌರವಾನ್ವಿತ ಪಾದ್ರಿ, ಟಿವಿ ಕ್ಯಾಮೆರಾಗಳ ಮುಂದೆ, ಕ್ಷಮಿಸಿದವರನ್ನು ತುಂಬುಕಂಠದಿಂದ ಕೊಂಡಾಡುತ್ತಿದ್ದರೆ, ಕ್ಷಮಿಸಲಾಗದೆ ಕೂತ ವಿಧವೆಗೆ ತಾನೇ ಏನೋ ತಪ್ಪು ಮಾಡಿದ್ದೇನೆ ಅನ್ನಿಸದೆ ಇರುತ್ತದೆಯೆ? ಇದರ ಒಂದು ಮುನ್ಸೂಚನೆ 1990ರ ನವೆಂಬರಿನಲ್ಲೇ ಸಿಕ್ಕಿತ್ತು. ರಸ್ಟನ್‌ಬರ್ಗ್‌ನಲ್ಲಿ ದೇಶದ ಚರ್ಚುಗಳೆಲ್ಲ ಸೇರಿದ್ದಾಗ ಡಚ್ ರಿಫಾರ್ಮ್ಡ್ ಚರ್ಚಿನ ದೇವಶಾಸ್ತ್ರಜ್ಞ ವಿಲ್ಲಿ ಯೋಂಕರ್ ಎದ್ದು ನಿಂತು, ತನ್ನ ಪರವಾಗಿ ಮಾತ್ರವಲ್ಲ, ತನ್ನ ಚರ್ಚಿನ ಮತ್ತು ಆಫ್ರಿಕಾನರ್ ಜನಾಂಗದ ಪರವಾಗಿಯೂ ವರ್ಣಭೇದದ ಪಾಪವನ್ನು ಒಪ್ಪಿಕೊಂಡರು. ಬೇಬೆಲ್ ಗೋಪುರದ ಕತೆ ಹಿಡಿದು ಜನಾಂಗಗಳನ್ನು ಬೇರೆಬೇರೆ ಇಡುವುದು ದೈವಸಂಕಲ್ಪ ಎಂದು 1974ರಲ್ಲೂ ಸಮರ್ಥಿಸಿದ್ದ ಚರ್ಚು ಅದು. ಒಪ್ಪಿಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ. ಟುಟು ಎದ್ದು ಆ ತಪ್ಪೊಪ್ಪಿಗೆಯನ್ನು ಸ್ವೀಕರಿಸಿದರು. ಇವರಿಗೆ ನಮ್ಮೆಲ್ಲರ ಪರವಾಗಿ ಸ್ವೀಕರಿಸುವ ಅಧಿಕಾರ ಕೊಟ್ಟವರಾರು ಎಂದು ಕರಿಯ ಕ್ರೈಸ್ತರಲ್ಲೇ ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ದೂರು ನಮಗೆ ಹಳೆಯದು. ಇಲ್ಲಿ ಪೂಜಾರಿಯ ಧಾರಾಳವೇ ದೂರಿನ ವಿಷಯವಾಗಿತ್ತು.

ಧರ್ಮಗಳು ಈ ವಿಷಯದಲ್ಲಿ ಏನು ಹೇಳುತ್ತವೆ ಎಂದು ಕೇಳಿದರೆ, ಪಾದ್ರಿಗಳ ಉತ್ಸಾಹಕ್ಕಿಂತ ಹಳೆಯ ಸಂಪ್ರದಾಯಗಳು ಹೆಚ್ಚು ಎಚ್ಚರಿಕೆಯಿಂದ ಮಾತಾಡಿವೆ. ಯೆಹೂದ್ಯರ ಮಿಶ್ನಾ ಪ್ರಕಾರ ಯೋಮ್ ಕಿಪ್ಪುರ್ ದಿನದ ಪ್ರಾಯಶ್ಚಿತ್ತ ತೊಳೆಯುವುದು ಮನುಷ್ಯ ದೇವರಿಗೆ ಎಸಗಿದ ತಪ್ಪನ್ನು ಮಾತ್ರ. ನೆರೆಯವನಿಗೆ ಮಾಡಿದ ಅನ್ಯಾಯಕ್ಕೆ ನೆರೆಯವನ ಮನೆ ಬಾಗಿಲಿಗೇ ಹೋಗಬೇಕು. ಅವನು ಒಪ್ಪುವವರೆಗೆ ದೇವರೂ ನಡುವೆ ಬರುವುದಿಲ್ಲ. ನಾಜಿ ಶಿಬಿರದಲ್ಲಿದ್ದ ಸೈಮನ್ ವೀಸೆಂಥಾಲ್ ಅವರನ್ನು ಸಾಯುತ್ತಿದ್ದ ಒಬ್ಬ ಎಸ್‌ಎಸ್ ಸೈನಿಕನ ಹಾಸಿಗೆ ಬಳಿಗೆ ಕರೆದೊಯ್ದರು. ಆತ ಯೆಹೂದಿ ಕುಟುಂಬಗಳನ್ನು ಮನೆಯೊಳಗೆ ಕೂಡಿ ಬೆಂಕಿ ಹಚ್ಚಿದ್ದನ್ನು ಹೇಳಿ ಯಾರಾದರೂ ಒಬ್ಬ ಯೆಹೂದಿಯಿಂದ ಕ್ಷಮೆ ಬೇಕು ಎಂದ. ವೀಸೆಂಥಾಲ್ ಮಾತಾಡದೆ ಎದ್ದು ಬಂದರು. ಆಮೇಲೆ ಆ ಪ್ರಸಂಗವನ್ನು ಬರೆದು ಹತ್ತಾರು ಚಿಂತಕರ ಮುಂದಿಟ್ಟಾಗ ಯೆಹೂದ್ಯರಲ್ಲಿ ಹೆಚ್ಚಿನವರು, ನೀವು ಮಾಡಿದ್ದು ಸರಿ, ಸತ್ತವರ ಪರವಾಗಿ ನೀವು ಕ್ಷಮಿಸಲಾರಿರಿ ಎಂಬ ಧಾಟಿಯಲ್ಲೇ ಉತ್ತರಿಸಿದರು. ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ಕೊಲೆಗಾರನ ಪ್ರಾಣ ತೆಗೆಯದೆ ಬಿಡುವ ಹಕ್ಕು ಸತ್ತವನ ವಾರಸುದಾರರದ್ದು, ದೊರೆಯದ್ದಲ್ಲ. ಜೈನರು ಪರ್ಯೂಷಣದ ಕೊನೆಗೆ ಕ್ಷಮೆ ಕೇಳುವುದು ತಾವು ನೋಯಿಸಿರಬಹುದಾದ ಪ್ರತಿಯೊಬ್ಬರನ್ನು, ಮುಖಾಮುಖಿ. ಮುನಿಗಳಿಗೆ ಹೇಳಿ ಕೈತೊಳೆದುಕೊಳ್ಳುವ ಏರ್ಪಾಡು ಅಲ್ಲಿಲ್ಲ.

ನಮ್ಮ ಮಹಾಕಾವ್ಯ, ಪುರಾಣಗಳಲ್ಲಿ ಈ ಪ್ರಶ್ನೆ ಅಶ್ವತ್ಥಾಮನ ಸುತ್ತ ಬೆಳೆದಿದೆ. ಯುದ್ಧ ಮುಗಿದ ರಾತ್ರಿ ಮಲಗಿದ್ದ ಉಪಪಾಂಡವರನ್ನು, ದ್ರೌಪದಿಯ ಐವರು ಮಕ್ಕಳನ್ನು, ಕೊಂದವನನ್ನು ಏನು ಮಾಡಬೇಕು? ಮಹಾಭಾರತದ ದ್ರೌಪದಿ ಉಪವಾಸ ಕೂತು, ಅವನ ತಲೆಯ ಮಣಿ ಬಂದಲ್ಲದೆ ಏಳೆನೆನ್ನುತ್ತಾಳೆ. ಭಾಗವತದ ದ್ರೌಪದಿ, ಹಗ್ಗ ಬಿಗಿದು ಎಳೆತಂದ ಅಪರಾಧಿಯನ್ನು ಕಂಡು, ಬಿಟ್ಟುಬಿಡಿ, ನಾನು ಅಳುವ ಹಾಗೆ ಇವನ ತಾಯಿ ಅಳಬಾರದು ಎನ್ನುತ್ತಾಳೆ. ಎರಡೂ ಕಡೆ ಗಮನಿಸಬೇಕಾದದ್ದು, ಮಾತು ಕೇಳಬೇಕಾದದ್ದು ಅವಳದ್ದು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅವಳನ್ನು ಬಿಟ್ಟು ಧರ್ಮರಾಯ ಮುಂದೆ ಬಂದು ನಾನು ಕ್ಷಮಿಸಿದ್ದೇನೆ ಎಂದಿದ್ದರೆ ಆ ಕತೆಗೆ ಅರ್ಥವೇ ಉಳಿಯುತ್ತಿರಲಿಲ್ಲ. ಭಾಗವತದಲ್ಲಿ ಅವಳು ಬಿಟ್ಟುಕೊಡುವುದು ತನ್ನ ನೋವಿನ ಲೆಕ್ಕವನ್ನು, ಮಕ್ಕಳ ಲೆಕ್ಕವನ್ನಲ್ಲ. ಅವಳು ಬಿಡಿ ಎಂದ ಮೇಲೂ ಶಿಕ್ಷೆ ಪೂರ್ತಿ ರದ್ದಾಗುವುದಿಲ್ಲ. ಕೂದಲ ಸಮೇತ ಮಣಿಯನ್ನು ಕತ್ತರಿಸಿಯೇ ಅವನನ್ನು ಹೊರಗಟ್ಟುತ್ತಾರೆ. ಕ್ಷಮೆ ಒಬ್ಬರದ್ದು, ದಂಡ ಇನ್ನೊಬ್ಬರದ್ದು ಎಂಬ ವಿವೇಕ ಅಲ್ಲಿ ಸ್ಪಷ್ಟವಾಗಿದೆ.

ನನ್ನ ಈ ನಿಲುವಿಗೆ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ. ಕ್ಷಮಿಸದೆ ಇದ್ದಿದ್ದರೆ ಅಂತರ್ಯುದ್ಧ ಆಗುತ್ತಿತ್ತು, ಇನ್ನಷ್ಟು ಹೆಣ ಬೀಳುತ್ತಿದ್ದವು, ಪುರಾಣ ಶಾಸ್ತ್ರ ಹಿಡಿದು ಕೂರುವ ಹೊತ್ತು ಅದಲ್ಲ. ಒಪ್ಪುತ್ತೇನೆ. ಆದರೆ ಈ ವಾದ ಸಮರ್ಥಿಸುವುದು ಮನ್ನಾವನ್ನು, ಕ್ಷಮೆಯನ್ನಲ್ಲ. ಎರಡೂ ಬೇರೆ ಎಂಬುದಕ್ಕೆ ಆಯೋಗದ ಕಡತಗಳೇ ಪುರಾವೆ. 1993ರ ಆಗಸ್ಟ್ 25ರಂದು ಕೇಪ್‌ಟೌನ್ ಬಳಿಯ ಗುಗುಲೆತುನಲ್ಲಿ ಅಮೆರಿಕದ ವಿದ್ಯಾರ್ಥಿನಿ ಏಮಿ ಬೀಲ್‌ಳನ್ನು ಗುಂಪೊಂದು ಕೊಂದಿತು. ಅವಳ ತಂದೆತಾಯಿ ಮನ್ನಾ ಅರ್ಜಿಯನ್ನು ವಿರೋಧಿಸಲಿಲ್ಲ. ಮುಂದೆ ಕೊಂದವರಲ್ಲಿ ಇಬ್ಬರಿಗೆ ಮಗಳ ಹೆಸರಿನ ಸಂಸ್ಥೆಯಲ್ಲೇ ಕೆಲಸ ಕೊಟ್ಟರು. ಇತ್ತ ವಕೀಲ ಗ್ರಿಫಿತ್ಸ್ ಮ್ಕ್ಸೆಂಗೆ ಅವರನ್ನು 1981ರಲ್ಲಿ ಡರ್ಬನ್ ಹೊರವಲಯದ ಉಮ್ಲಾಜಿಯಲ್ಲಿ ಪೊಲೀಸ್ ಕೊಲೆಪಡೆ ಚೂರಿಗಳಿಂದ ತಿವಿದು ಕೊಂದಿತ್ತು. ಮನೆಯ ನಾಯಿಗಳಿಗೆ ಮೊದಲೇ ವಿಷ ಹಾಕಿದ್ದರು. ಅವರ ತಮ್ಮ ಕೊನೆಯವರೆಗೂ ಮನ್ನಾವನ್ನು ವಿರೋಧಿಸಿದರು. ಆ ಪಡೆಯ ಮುಖ್ಯಸ್ಥನಾಗಿದ್ದ ಡರ್ಕ್ ಕೋಟ್ಜೆಗೆ 1997ರಲ್ಲಿ ಮನ್ನಾ ಸಿಕ್ಕಿತು. ಬೀಲ್‌ಳನ್ನು ಕೊಂದವರಿಗೂ ಮರುವರ್ಷ ಸಿಕ್ಕಿತು. ಒಂದು ಮನೆ ಕ್ಷಮಿಸಿತ್ತು, ಇನ್ನೊಂದು ಕ್ಷಮಿಸಿರಲಿಲ್ಲ, ಫಲ ಒಂದೇ. ಅಂದ ಮೇಲೆ ದೇಶವನ್ನು ಯುದ್ಧದಿಂದ ತಪ್ಪಿಸಿದ್ದು ಕ್ಷಮೆಯಲ್ಲ, ಕ್ಷಮೆಯ ಹಂಗಿಲ್ಲದೆ ನಡೆದ ಆ ವ್ಯವಹಾರ.

ಆದರೆ ಕಾಯಿದೆಯನ್ನೂ ಪೂರ್ತಿ ಹೊಗಳಲಾರೆ. ಮ್ಕ್ಸೆಂಗೆ ಕುಟುಂಬ, 1977ರಲ್ಲಿ ಪೊಲೀಸರ ಕೈಯಲ್ಲಿ ಸತ್ತ ಸ್ಟೀವ್ ಬೀಕೊ ಅವರ ಪತ್ನಿ ಮತ್ತು ಇತರರು ಅಜಾಪೊ ಪಕ್ಷದ ಜೊತೆ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿದರು. ಅವರ ದೂರಿನಲ್ಲಿ ತೂಕವಿತ್ತು. ಮನ್ನಾ ಸಿಕ್ಕಿದವನ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ ಅಷ್ಟೇ ಅಲ್ಲ, ಕುಟುಂಬ ಪರಿಹಾರ ಕೇಳಿ ಸಿವಿಲ್ ದಾವೆಯನ್ನೂ ಹಾಕುವಂತಿಲ್ಲ. ಆತನ ಮೇಲೂ ಇಲ್ಲ, ಸರ್ಕಾರದ ಮೇಲೂ ಇಲ್ಲ. 1996ರ ಜುಲೈನಲ್ಲಿ ನ್ಯಾಯಮೂರ್ತಿ ಇಸ್ಮಾಯಿಲ್ ಮಹಮದ್ ಬರೆದ ತೀರ್ಪು, ಸಂತ್ರಸ್ತರ ಯಾತನೆಯನ್ನು ಮನಕಲಕುವಂತೆ ಒಪ್ಪಿಕೊಂಡೂ, ಕಾಯಿದೆಯನ್ನು ಎತ್ತಿಹಿಡಿಯಿತು. ಈ ಆಶ್ವಾಸನೆಯಿಲ್ಲದೆ ಸತ್ಯ ಹೊರಬರುವುದಿಲ್ಲ, ಸತ್ಯವಿಲ್ಲದೆ ದಾವೆ ಹಾಕಿ ಗೆಲ್ಲಲು ಸಾಕ್ಷ್ಯವೂ ಇರುವುದಿಲ್ಲ ಎಂಬುದು ಅದರ ತರ್ಕ. ತರ್ಕ ಬಲವಾದದ್ದೇ. ಆದರೂ ಇಲ್ಲಿ ಸರ್ಕಾರ ತನ್ನ ಗಡಿ ದಾಟಿತು. ದಂಡಿಸುವುದು ತನ್ನ ಹಕ್ಕು, ಬಿಡಬಹುದು. ವಿಧವೆಯ ದಾವೆ ಅವಳ ಹಕ್ಕು. ಅದನ್ನು ಕಿತ್ತುಕೊಂಡು ಬದಲಿಗೆ ಪರಿಹಾರದ ಮಾತು ಕೊಟ್ಟಿತು. ಆಯೋಗ ಆರು ವರ್ಷ ವಾರ್ಷಿಕ ನೆರವು ಕೊಡಬೇಕೆಂದು 1998ರಲ್ಲಿ ಶಿಫಾರಸು ಮಾಡಿತು. 2003ರಲ್ಲಿ ಅಧ್ಯಕ್ಷ ಥಾಬೊ ಎಂಬೆಕಿ ಪ್ರಕಟಿಸಿದ್ದು ತಲೆಗೆ 30,000 ರ‍್ಯಾಂಡ್, ಒಂದೇ ಸಲ. ಕೊಂದವನಿಗೆ ಬಿಡುಗಡೆ ಆದೇಶ ಬಂದ ದಿನವೇ ಸಿಕ್ಕಿತ್ತು.

ಎರಡನೆಯ ಆಕ್ಷೇಪ ಹೆಚ್ಚು ಆಳವಾದದ್ದು, ಮತ್ತು ಅದು ಆಫ್ರಿಕಾದ್ದೇ. ಹಕ್ಕು, ಸ್ವತ್ತು, ಒಡೆತನ ಎಂದು ಮಾತಾಡುವುದೇ ತಪ್ಪು. ಮನುಷ್ಯ ಮನುಷ್ಯನಾಗುವುದು ಇತರ ಮನುಷ್ಯರ ಮೂಲಕ. ಇದನ್ನು ಅಲ್ಲಿಯವರು ಉಬುಂಟು ಎನ್ನುತ್ತಾರೆ. ಒಬ್ಬನನ್ನು ಕೊಂದರೆ ಇಡೀ ಸಮುದಾಯಕ್ಕೆ ಗಾಯವಾಗುತ್ತದೆ, ಆದ್ದರಿಂದ ಸಮುದಾಯವೂ ಕ್ಷಮಿಸಬಲ್ಲದು. ಇದನ್ನು ನಾನು ಅರ್ಧ ಒಪ್ಪುತ್ತೇನೆ. ಸಮುದಾಯಕ್ಕೆ ಆದ ಗಾಯವನ್ನು ಸಮುದಾಯ ಖಂಡಿತ ಕ್ಷಮಿಸಬಹುದು. ಆದರೆ ಗಾಯ ಹಂಚಿಹೋಗಿದೆ ಎಂದ ಮಾತ್ರಕ್ಕೆ ಅದು ಸಮಪಾಲಾಗಿಲ್ಲ. ಫೋರ್ಟ್ ಕಲಾಟ ಸತ್ತಾಗ ಕ್ರ್ಯಾಡಕ್ ಒಬ್ಬ ನಾಯಕನನ್ನು ಕಳೆದುಕೊಂಡಿತು. ಹುಟ್ಟಲಿದ್ದ ಮಗು ಅಪ್ಪನನ್ನು ಕಳೆದುಕೊಂಡಿತು. ಊರು ತನ್ನ ಪಾಲಿನದನ್ನು ಬಿಟ್ಟರೆ ಮಗುವಿನ ಪಾಲು ತೀರುವುದಿಲ್ಲ. ಅಲ್ಲದೆ, ಸಮುದಾಯದ ಹೆಸರಿನಲ್ಲಿ ಮಾತಾಡುವವರು ಯಾವಾಗಲೂ ಅಧಿಕಾರಕ್ಕೆ ಹತ್ತಿರದವರೇ ಆಗಿರುತ್ತಾರೆ. 1998ರ ಅಕ್ಟೋಬರ್ 29ರಂದು ಆಯೋಗ ತನ್ನ ವರದಿಯನ್ನು ಮಂಡೇಲಾ ಕೈಗಿಡುವ ದಿನವೇ, ಅದರಲ್ಲಿ ತನ್ನ ಶಿಬಿರಗಳ ಹಿಂಸೆಯ ಪ್ರಸ್ತಾಪವಿದೆ ಎಂದು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ತಡೆಯಾಜ್ಞೆ ಕೇಳಿ ಕೋರ್ಟಿಗೆ ಹೋಗಿ ಸೋತಿತು. ಹಿಂದಿನ ಸರ್ಕಾರದ ಅಧ್ಯಕ್ಷರಾಗಿದ್ದ ಎಫ್. ಡಬ್ಲ್ಯು. ಡಿ ಕ್ಲರ್ಕ್ ತನ್ನ ಕುರಿತ ಪುಟವನ್ನು ಕೋರ್ಟಿನ ಮೂಲಕವೇ ಮಸಿ ಬಳಿಸಿದ್ದರು. ಎಲ್ಲರೂ ಒಂದೇ ಉಬುಂಟುವಿನ ಎಳೆಗಳು, ಸರಿ. ಆದರೆ ಮಸಿ ಬಳಿಸುವ ವಕೀಲರು ಎಲ್ಲರಿಗೂ ಸಿಗುವುದಿಲ್ಲ.

ಇನ್ನು, ನೊಂದವರೇ ಕ್ಷಮಿಸಬೇಕೆಂದರೆ ಸತ್ತವರು ಬಂದು ಕ್ಷಮಿಸಲಾರರು, ಹಾಗಾದರೆ ಕೊಲೆಗೆ ಎಂದೂ ಕ್ಷಮೆಯೇ ಇಲ್ಲವೆ ಎಂದು ಕೇಳುವವರಿದ್ದಾರೆ. ಈ ಜಗತ್ತಿನಲ್ಲಿ ಪೂರ್ತಿ ಕ್ಷಮೆ ಇಲ್ಲ ಎಂದೇ ನನ್ನ ಉತ್ತರ, ಮತ್ತು ಅದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ. ಕೊಲೆಯನ್ನು ಬೇರೆಲ್ಲ ಅಪರಾಧಗಳಿಂದ ಬೇರ್ಪಡಿಸುವುದೇ ಅದು: ಸಾಲ ತೀರಿಸಬೇಕಾದವನ ಎದುರು ಸಾಲ ಕೊಟ್ಟವನೇ ಇಲ್ಲ. ಹೆಂಡತಿ ತನ್ನ ವೈಧವ್ಯವನ್ನು ಕ್ಷಮಿಸಬಹುದು, ತಾಯಿ ತನ್ನ ಬರಿದಾದ ಮಡಿಲನ್ನು. ಉಳಿದದ್ದು ದೇವರಿದ್ದರೆ ದೇವರಿಗೆ, ಕರ್ಮವಿದ್ದರೆ ಕರ್ಮಕ್ಕೆ. ಮಾಡಿದ್ದುಣ್ಣೋ ಮಹರಾಯ ಅನ್ನುವವರು ಆ ಉಳಿಕೆಯ ಇರವನ್ನು ಒಪ್ಪಿಕೊಂಡವರೇ. ಅದನ್ನು ಇಲ್ಲೇ ಚುಕ್ತಾ ಮಾಡಿ ರಸೀದಿ ಕೊಡುವ ಕಚೇರಿ ತೆರೆಯುವುದು ಸರ್ಕಾರಕ್ಕೂ ಸಲ್ಲದು, ಮಠಕ್ಕೂ ಸಲ್ಲದು.

ಮತ್ತೊಂದು ಮಾತು ಈಚೆಗೆ ಮನಶ್ಶಾಸ್ತ್ರದ ವೇಷದಲ್ಲಿ ಬರುತ್ತದೆ. ಕ್ಷಮಿಸದವನು ತನ್ನನ್ನೇ ಸುಟ್ಟುಕೊಳ್ಳುತ್ತಾನೆ, ಆದ್ದರಿಂದ ನಿಮ್ಮ ಒಳ್ಳೆಯದಕ್ಕೇ ಕ್ಷಮಿಸಿ. ಟುಟು ಅವರೂ ಹೀಗೆ ಹೇಳುತ್ತಿದ್ದರು. ಆರೋಗ್ಯದ ಸಲಹೆಯಾಗಿ ಇದು ಇರಲಿ, ನೀತಿಯಾಗಿ ನಿಲ್ಲುವುದಿಲ್ಲ. ನನ್ನ ರಕ್ತದೊತ್ತಡಕ್ಕಾಗಿ ನಾನು ಕೈಬಿಡುವ ಸಿಟ್ಟು ಎದುರಿನವನಿಗೆ ಕೊಟ್ಟ ಕ್ಷಮೆ ಹೇಗಾದೀತು? ವನಪರ್ವದಲ್ಲಿ ಕಾಡುಪಾಲಾದ ದ್ರೌಪದಿ ಧರ್ಮರಾಯನೊಂದಿಗೆ ವಾದಕ್ಕಿಳಿದಾಗ ಪ್ರಹ್ಲಾದ ಬಲಿಗೆ ಹೇಳಿದ್ದನ್ನು ನೆನಪಿಸುತ್ತಾಳೆ: ಸದಾ ಕೋಪವೂ ಲೇಸಲ್ಲ, ಸದಾ ಕ್ಷಮೆಯೂ ಲೇಸಲ್ಲ, ಎಲ್ಲವನ್ನೂ ಕ್ಷಮಿಸುವವನನ್ನು ಆಳುಗಳೂ ಲೆಕ್ಕಕ್ಕಿಡುವುದಿಲ್ಲ. ಧರ್ಮರಾಯ ಕ್ಷಮೆಯ ಹಿರಿಮೆಯನ್ನು ಕಶ್ಯಪನ ಮಾತುಗಳಿಂದ ಎತ್ತಿಹಿಡಿದು ಉತ್ತರಿಸುತ್ತಾನೆ. ವ್ಯಾಸರು ಅವಳ ಬಾಯಿ ಮುಚ್ಚಿಸಿಲ್ಲ. ಅವಳ ಸಿಟ್ಟಿಗೆ ಕಾವ್ಯದಲ್ಲಿ ಅಧ್ಯಾಯಗಳೇ ಇವೆ. ಆ ಸಿಟ್ಟು ರೋಗವಲ್ಲ, ಆದ ಅನ್ಯಾಯದ ಸರಿಯಾದ ಅರಿವು.

ಆ ಅರಿವಿಗೆ ಆಯೋಗ ಕೂಡ ಒಮ್ಮೊಮ್ಮೆ ಜಾಗ ಕೊಟ್ಟಿತು, ಆಗಲೇ ಅದು ಅತ್ಯಂತ ಸತ್ಯವಾಗಿ ಕಂಡಿತು. 1997ರ ಜುಲೈನಲ್ಲಿ ಕೇಪ್‌ಟೌನ್‌ನ ಮನ್ನಾ ವಿಚಾರಣೆಗೆ ಪೊಲೀಸ್ ಅಧಿಕಾರಿ ಜೆಫ್ರಿ ಬೆಂಜೀನ್ ಬಂದ. ಕೈದಿಯನ್ನು ಬೋರಲು ಮಲಗಿಸಿ, ಬೆನ್ನ ಮೇಲೆ ಕೂತು, ಒದ್ದೆ ಬಟ್ಟೆಯ ಚೀಲವನ್ನು ತಲೆಗೆ ಬಿಗಿದು ಉಸಿರು ಕಟ್ಟಿಸುವುದರಲ್ಲಿ ಆತ ಪಳಗಿದವ. ಅವನ ಕೈಯಲ್ಲಿ ನರಳಿ, ಆ ಹೊತ್ತಿಗೆ ಸಂಸತ್ ಸದಸ್ಯರಾಗಿದ್ದ ಟೋನಿ ಯೆಂಗೆನಿ, ಅದನ್ನು ಇಲ್ಲೇ ಮಾಡಿ ತೋರಿಸು ಎಂದರು. ದಪ್ಪ ಮೈಯ ಆ ಮನುಷ್ಯ ನೆಲದ ಮೇಲೆ ಮಲಗಿದ ಸ್ವಯಂಸೇವಕನೊಬ್ಬನ ಬೆನ್ನೇರಿ ಕೂತು ತೋರಿಸಿದ. ಆ ಫೋಟೋ ಲೋಕವೆಲ್ಲ ಸುತ್ತಿತು. ಆಮೇಲೆ ಬೆಂಜೀನ್ ತಿರುಗಿ, ನೀವು ಅರ್ಧ ಗಂಟೆಯೊಳಗೆ ನಿಮ್ಮ ಸಂಗಾತಿಯ ಗುಟ್ಟು ಬಿಟ್ಟುಕೊಟ್ಟಿರಲ್ಲ, ನೆನಪಿದೆಯೆ ಎಂಬರ್ಥದಲ್ಲಿ ಯೆಂಗೆನಿಯನ್ನೇ ಕೇಳಿದ. ಹಿಂಸೆಯ ಕೋಣೆ ಒಂದು ಗಳಿಗೆ ಮತ್ತೆ ತೆರೆದುಕೊಂಡಿತು, ಒಳಗಿದ್ದವರ ಸ್ಥಾನ ಮೊದಲಿನಂತೆಯೇ. ಬೆಂಜೀನ್‌ಗೆ 1999ರಲ್ಲಿ ಮನ್ನಾ ಸಿಕ್ಕಿತು, ಸತ್ಯ ಹೇಳಿದ್ದಕ್ಕೆ. ಇಡೀ ದೃಶ್ಯದಲ್ಲಿ ಕ್ಷಮೆ ಎಲ್ಲೂ ಇಲ್ಲ, ಆದರೂ ಆ ವಿಚಾರಣೆಯನ್ನು ವ್ಯರ್ಥವೆಂದು ಯಾರು ಹೇಳಿಯಾರು?

ಕ್ಷಮೆ ಬಂದದ್ದೂ ಉಂಟು, ಅದರ ರೀತಿಯೇ ಬೇರೆ. 1986ರ ಮಾರ್ಚ್ 3ರಂದು ಗುಗುಲೆತುನಲ್ಲಿ ಪೊಲೀಸರು ಏಳು ಯುವಕರನ್ನು ಬಲೆಗೆ ಕೆಡವಿ ಕೊಂದರು. ಹತ್ತು ವರ್ಷಗಳ ನಂತರ ಆಯೋಗದ ಸಭೆಯಲ್ಲಿ ಪೊಲೀಸರೇ ಅಂದು ಚಿತ್ರೀಕರಿಸಿದ ವಿಡಿಯೋ ತೋರಿಸಿದಾಗ ತಾಯಂದಿರು ಗೋಳಾಡಿದರು, ಒಬ್ಬಾಕೆಯ ಕೈಯಿಂದ ಪೊಲೀಸರತ್ತ ಶೂ ಹಾರಿತು. ಆಮೇಲೆ, ಆ ದಾಳಿಯಲ್ಲಿದ್ದ ಕರಿಯ ಪೊಲೀಸನೊಬ್ಬ ಆ ತಾಯಂದಿರನ್ನು ಭೇಟಿಯಾಗಲು ಬಂದ. ಅವರು ಅವನನ್ನು ಸುಮ್ಮನೆ ಬಿಡಲಿಲ್ಲ. ನಮ್ಮ ಮಕ್ಕಳನ್ನು ದುಡ್ಡಿಗೆ ಮಾರಿದೆಯಲ್ಲ ಎಂದು ಜಾಡಿಸಿದರು, ಒಬ್ಬರ ಕೋಪ ಇನ್ನೊಬ್ಬರಂತೆ ಇರಲಿಲ್ಲ. ಅಷ್ಟೆಲ್ಲ ಆದ ಮೇಲೆ ಒಬ್ಬ ತಾಯಿ ಅವನನ್ನು ಕ್ಷಮಿಸಿದರು. ಅದು ಟುಟು ಅವರ ಸಭೆಯಲ್ಲಲ್ಲ, ಕಾಯಿದೆಯ ಯಾವ ಕಲಮಿನ ಪ್ರಕಾರವೂ ಅಲ್ಲ. ಆಯೋಗ ಮಾಡಿಕೊಟ್ಟದ್ದು ಆ ಕೋಣೆಯನ್ನು, ಆ ಹೆಸರನ್ನು, ಯಾರು ಎಂದು ಗೊತ್ತಾಗುವ ಅವಕಾಶವನ್ನು. ಕೊಂದವನು ಯಾರೆಂದೇ ತಿಳಿಯದಿದ್ದರೆ ಕ್ಷಮಿಸುವುದಕ್ಕೂ ನಿರಾಕರಿಸುವುದಕ್ಕೂ ಆಳೇ ಇರುವುದಿಲ್ಲ. ಹತ್ತಿರಹತ್ತಿರ 22,000 ಜನ ಅಲ್ಲಿ ತಮ್ಮ ಹೇಳಿಕೆ ದಾಖಲಿಸಿದರು. ಕ್ಷಮಿಸಿ ಎಂದು ಉಪದೇಶಿಸದೆ ಇದ್ದಿದ್ದರೂ ಆ ಕೆಲಸದ ಬೆಲೆ ಕೂದಲಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಉಪದೇಶದ ಬೆಳಕು ಬಿದ್ದಲ್ಲೆಲ್ಲ ಪಕ್ಕದ ಕತ್ತಲೆ ದಟ್ಟವಾಯಿತು ಎಂಬುದೇ ನನ್ನ ತಕರಾರು. ಕಾಯಿದೆ ಲೆಕ್ಕಕ್ಕಿಟ್ಟದ್ದು ಕೊಲೆ, ಅಪಹರಣ, ಚಿತ್ರಹಿಂಸೆ, ಘೋರ ದೌರ್ಜನ್ಯ ಇಷ್ಟನ್ನೇ. ವರ್ಣಭೇದದ ನಿತ್ಯದ ಹಿಂಸೆ, ಕರಿಯರ ಓಡಾಟವನ್ನು ಕಟ್ಟಿಹಾಕಿದ ಪಾಸ್ ಕಾನೂನುಗಳು, 1913ರಿಂದ ಕಾನೂನುಬದ್ಧವಾಗಿ ಕಸಿದುಕೊಂಡ ನೆಲ, 1960ರಿಂದ 1983ರ ನಡುವೆ ಮನೆಮಠ ಕಿತ್ತು ಬೇರೆಡೆಗೆ ಅಟ್ಟಿದ ಸುಮಾರು 35 ಲಕ್ಷ ಜನ, ಇದಾವುದೂ ಅದರ ವ್ಯಾಪ್ತಿಗೆ ಬರಲಿಲ್ಲ. ವಿದ್ವಾಂಸ ಮಹಮೂದ್ ಮಮ್ದಾನಿ ಈ ಲೋಪವನ್ನು ಆಗಲೇ ಎತ್ತಿ ತೋರಿಸಿದ್ದರು. ಅತ್ತ ಅಪರಾಧಿಗಳಾಗಿ ಕಾಣಿಸಿಕೊಂಡವರೂ ಬೆಂಜೀನ್, ಕೋಟ್ಜೆಯಂಥ ಕೆಲವೇ ಕೈಗಳು. ಆ ಕೈಗಳ ಕೆಲಸದ ಮೇಲೆ ಹಾಯಾಗಿ ಬದುಕಿದ ಲಕ್ಷಾಂತರ ಜನ ಟಿವಿಯ ಮುಂದೆ ಕೂತು, ಎಂಥ ರಾಕ್ಷಸರು ಎಂದು ಮೂಗಿನ ಮೇಲೆ ಬೆರಳಿಟ್ಟರು. ಅವರು ಯಾರನ್ನೂ ಕ್ಷಮೆ ಕೇಳಬೇಕಾಗಲಿಲ್ಲ. ದೇಶವನ್ನೇ ಆಳಿದ್ದ ಪಿ. ಡಬ್ಲ್ಯು. ಬೋಥಾ ಆಯೋಗದ ಮುಂದೆ ಬರಲಾರೆ ಎಂದ. ಅದಕ್ಕಾಗಿ ಬಿದ್ದ 10,000 ರ‍್ಯಾಂಡ್ ದಂಡವೂ ಮೇಲ್ಮನವಿಯಲ್ಲಿ ಬಿದ್ದುಹೋಯಿತು. ಇಡೀ ನಾಡಿಗೆ ಸಾಮರಸ್ಯ ಬಂತೆಂದು ಸಾರುವಾಗ ಕೊಡುವ ಕೈ ಯಾವಾಗಲೂ ಕರಿಯರದ್ದೇ ಆಗಿತ್ತು.

ದಂಡಿಸಲಾಗದ್ದನ್ನು ಮನುಷ್ಯರು ಕ್ಷಮಿಸಲಾರರು ಎಂದು ಚಿಂತಕಿ ಹನ್ನಾ ಅರೆಂಟ್ 1958ರಲ್ಲೇ ಬರೆದಿದ್ದರು. ಕ್ಷಮೆಗೆ ಬೆಲೆ ಬರುವುದು ದಂಡಿಸುವ ದಾರಿಯೂ ತೆರೆದಿದ್ದಾಗ. ಆ ದಾರಿಯನ್ನು ಕಾಯಿದೆ ಮುಚ್ಚಿರಲಿಲ್ಲ: ಸತ್ಯ ಹೇಳದವರ ಮೇಲೆ, ಅರ್ಜಿ ತಿರಸ್ಕೃತವಾದವರ ಮೇಲೆ ಮೊಕದ್ದಮೆ ನಡೆಸುವುದು ಅದೇ ವ್ಯವಹಾರದ ಇನ್ನೊಂದು ಅರ್ಧ. ಆಯೋಗ ಮುಚ್ಚುವಾಗ ಸುಮಾರು 300 ಪ್ರಕರಣಗಳನ್ನು ಪ್ರಾಸಿಕ್ಯೂಷನ್‌ಗೆ ಒಪ್ಪಿಸಿತು. ಬೆರಳೆಣಿಕೆಯಷ್ಟು ಮಾತ್ರ ಕೋರ್ಟ್ ಕಂಡವು. ಕ್ರ್ಯಾಡಕ್‌ನ ನಾಲ್ವರನ್ನು ಕೊಂದ ಪೊಲೀಸರ ಅರ್ಜಿಯನ್ನು, ಅವರು ಪೂರ್ತಿ ಸತ್ಯ ಹೇಳಿಲ್ಲವೆಂದು, 1999ರಲ್ಲಿ ತಳ್ಳಿಹಾಕಲಾಯಿತು. ಮರುದಿನವೇ ಆರೋಪಪಟ್ಟಿ ಸಿದ್ಧವಾಗಬೇಕಿತ್ತು. ಆಗಲಿಲ್ಲ, ವರ್ಷಗಳು ಕಳೆದವು, ಆರೋಪಿಗಳು ಒಬ್ಬೊಬ್ಬರಾಗಿ ತಮ್ಮ ಮನೆಗಳಲ್ಲಿ ಸತ್ತರು. 2025ರ ಜೂನ್‌ನಲ್ಲಿ, ಪೋರ್ಟ್ ಎಲಿಜಬೆತ್ ಎಂಬ ಹೆಸರು ಹೋಗಿ ಕೆಬೆರಾ ಆಗಿರುವ ಊರಿನಲ್ಲಿ, ಆ ನಾಲ್ವರ ಮರಣ ವಿಚಾರಣೆ ಮೂರನೆಯ ಸಲ ಶುರುವಾಯಿತು. ಇದನ್ನು ಬೇಡಿದ್ದು ಸರ್ಕಾರವಲ್ಲ, ಕುಟುಂಬದವರು. ಅವರು ಕ್ಷಮಿಸಿದ್ದಾರೋ ಇಲ್ಲವೋ ಎಂದು ನ್ಯಾಯಾಧೀಶರು ಕೇಳುವಂತಿಲ್ಲ. ಕಟಕಟೆಯಲ್ಲಿ ನಿಲ್ಲಿಸಲು ಯಾರೂ ಉಳಿದಿಲ್ಲದ ಮೇಲೆ ಅವರಾದರೂ ಯಾರನ್ನು ಕ್ಷಮಿಸಬೇಕು?